ಪಾಸ್‌ವರ್ಡ್ ಕಡತಕ್ಕೆ ಎರಡು ಪ್ರತಿ: ತೀರ್ಪು ಗಡಿಯಾರದ್ದೇ?

ಮಿಂಚಂಚೆಗೆ ಒಂದು, ಬ್ಯಾಂಕಿಗೆ ಒಂದು, ವಿದ್ಯಾರ್ಥಿವೇತನದ ಅರ್ಜಿಗೆ ಒಂದು, ಪರೀಕ್ಷಾ ನೋಂದಣಿಗೆ ಮತ್ತೊಂದು. ಹೀಗೆ ಇಂದು ಒಬ್ಬ ವ್ಯಕ್ತಿ ಹತ್ತಾರು ಪಾಸ್‌ವರ್ಡ್‌ಗಳನ್ನು ಕಾಪಾಡಿಕೊಳ್ಳಬೇಕಾಗಿದೆ. ಎಲ್ಲದಕ್ಕೂ ಒಂದೇ ಪಾಸ್‌ವರ್ಡ್ ಇಡುವುದು ಅಪಾಯ, ಎಲ್ಲವನ್ನೂ ನೆನಪಿಡುವುದು ಅಸಾಧ್ಯ. ಆದ್ದರಿಂದಲೇ ಪಾಸ್‌ವರ್ಡ್ ನಿರ್ವಹಣಾ ತಂತ್ರಾಂಶಗಳು ಬಂದವು. ಅವುಗಳಲ್ಲಿ ಹೆಸರಾದ ಒಂದು ಕೀಪಾಸ್. ಜರ್ಮನಿಯ ಡೊಮಿನಿಕ್ ರೈಖಲ್ 2003ರಲ್ಲಿ ಹೊರತಂದ ಈ ತಂತ್ರಾಂಶ ಉಚಿತ ಮಾತ್ರವಲ್ಲ, ಇದರ ಆಕರ ಸಂಕೇತವೂ ಎಲ್ಲರಿಗೂ ತೆರೆದಿದೆ. ಇದರ ಕಡತ ವಿನ್ಯಾಸವನ್ನೇ ಕೀಪಾಸ್‌ಎಕ್ಸ್‌ಸಿ, ಮೊಬೈಲಿಗೆಂದೇ ಬಂದ ಕೀಪಾಸ್‌ಡಿಎಕ್ಸ್ ಮೊದಲಾದವೂ ಬಳಸುತ್ತವೆ.

ಕೀಪಾಸ್ ನಿಮ್ಮ ಎಲ್ಲ ಪಾಸ್‌ವರ್ಡ್‌ಗಳನ್ನು ಬೀಗ ಹಾಕಿದ ಒಂದೇ ಕಡತದಲ್ಲಿ ಇಡುತ್ತದೆ. ಅದು ಯಾವ ಕಂಪೆನಿಯ ಸರ್ವರಿನಲ್ಲೂ ಇರುವುದಿಲ್ಲ, ನಿಮ್ಮ ಕೈಯಲ್ಲೇ ಇರುತ್ತದೆ. ಇದು ದೊಡ್ಡ ಗುಣ. ಆದರೆ ಕಡತ ನಿಮ್ಮ ಕೈಯಲ್ಲಿದೆ ಎಂದರೆ ಅದನ್ನು ಕಂಪ್ಯೂಟರಿನಿಂದ ಮೊಬೈಲಿಗೆ, ಮನೆಯಿಂದ ಕಾಲೇಜಿಗೆ ಸಾಗಿಸುವ ಹೊಣೆಯೂ ನಿಮ್ಮದೇ. ತೊಡಕು ಹುಟ್ಟುವುದು ಇಲ್ಲಿ. ಒಂದೇ ಕಡತದ ಎರಡು ಪ್ರತಿಗಳು ಬೇರೆ ಬೇರೆಯಾಗಿ ಬದಲಾದರೆ ಅವನ್ನು ಕೂಡಿಸುವುದು ಹೇಗೆ? ಕೀಪಾಸ್ ಇದಕ್ಕೆ ಕೊಟ್ಟಿರುವ ಉತ್ತರ ಎಷ್ಟು ಸರಿ, ಎಲ್ಲಿ ಸಾಲದು ಎಂಬುದನ್ನು ಇಲ್ಲಿ ಪರಿಶೀಲಿಸೋಣ.

ಎರಡು ಪ್ರತಿಗಳು ಹೇಗೆ ಹುಟ್ಟುತ್ತವೆ?

ಕಡತವನ್ನು ಡ್ರಾಪ್‌ಬಾಕ್ಸ್ ಅಥವಾ ಸಿಂಕ್‌ಥಿಂಗ್‌ನಂಥ ವ್ಯವಸ್ಥೆಯ ಮೂಲಕ ಎರಡು ಸಾಧನಗಳಲ್ಲಿ ಇಟ್ಟುಕೊಂಡಿದ್ದೀರಿ ಎಂದು ಊಹಿಸಿಕೊಳ್ಳಿ. ಒಂದು ಕಡೆ ಬದಲಾವಣೆ ಮಾಡಿದರೆ ಅದು ಇನ್ನೊಂದು ಕಡೆಗೆ ತಾನಾಗಿ ಹೋಗುತ್ತದೆ. ಆದರೆ ನಡುವೆ ಅಂತರಜಾಲ ಇಲ್ಲದಿದ್ದಾಗ ಎರಡೂ ಕಡೆ ಬದಲಾವಣೆ ಮಾಡಿದರೆ? ಸಂಪರ್ಕ ಮರಳಿದಾಗ ಈ ವ್ಯವಸ್ಥೆಗಳು ಒಂದನ್ನು ಅದೇ ಹೆಸರಿನಲ್ಲಿ ಉಳಿಸಿ, ಇನ್ನೊಂದನ್ನು ‘ಸಂಘರ್ಷದ ಪ್ರತಿ’ ಎಂಬ ಗುರುತು ಹಚ್ಚಿ ಅದರ ಪಕ್ಕದಲ್ಲೇ ಇಡುತ್ತವೆ. ಸಿಂಕ್‌ಥಿಂಗ್‌ನಲ್ಲಾದರೆ ಹಳೆಯ ಸಮಯ ಹೊತ್ತಿರುವ ಕಡತದ ಹೆಸರಿಗೆ ದಿನಾಂಕ, ವೇಳೆ ಸೇರಿಕೊಳ್ಳುತ್ತವೆ.

ಇಷ್ಟೇ ಮಾಡಿ ಕೈತೊಳೆದುಕೊಂಡವೇ ಎಂದು ನಿಮಗೆ ಅನಿಸಬಹುದು. ಆದರೆ ಇದಕ್ಕಿಂತ ಹೆಚ್ಚು ಮಾಡಲು ಅವುಗಳಿಗೆ ಸಾಧ್ಯವಿಲ್ಲ. ಕೀಪಾಸ್ ಕಡತವನ್ನು ಉಳಿಸುವಾಗ ಮೊದಲು ಮಾಹಿತಿಯನ್ನು ಸಂಕುಚಿಸಿ, ನಂತರ ಗೂಢಲಿಪಿಗೆ ತಿರುಗಿಸುತ್ತದೆ. ಪ್ರತಿ ಸಲ ಉಳಿಸುವಾಗಲೂ ಹೊಸ ಯಾದೃಚ್ಛಿಕ ಸಂಖ್ಯೆಗಳನ್ನು ಬಳಸುತ್ತದೆ. ನೀವು ಒಂದೇ ಅಕ್ಷರ ತಿದ್ದಿದರೂ, ಅಥವಾ ಏನನ್ನೂ ತಿದ್ದದೆ ಮತ್ತೆ ಉಳಿಸಿದರೂ, ಗೂಢಲಿಪಿಯ ಭಾಗ ಪೂರ್ತಿ ಬದಲಾಗುತ್ತದೆ. ಹೊರಗಿನಿಂದ ನೋಡುವವರಿಗೆ ಎರಡು ಪ್ರತಿಗಳ ನಡುವೆ ಯಾವ ಹೋಲಿಕೆಯೂ ಕಾಣದು. ಕಾಣಬಾರದು ಎಂಬುದೇ ಗೂಢಲಿಪಿಯ ಉದ್ದೇಶ. ಆದ್ದರಿಂದ ಎರಡನ್ನೂ ಕೂಡಿಸುವ ಕೆಲಸ ಬೀಗದ ಕೈ ಇರುವವರದ್ದೇ, ಅಂದರೆ ಕೀಪಾಸ್‌ನದ್ದೇ. ತನಗೆ ಅರ್ಥವಾಗದ್ದನ್ನು ಕೂಡಿಸಲು ಹೋಗದೆ ಎರಡನ್ನೂ ಉಳಿಸಿ ನಿಮ್ಮ ಮುಂದಿಡುವ ಹೊಂದಾಣಿಕೆ ವ್ಯವಸ್ಥೆ ಪ್ರಾಮಾಣಿಕವಾಗಿಯೇ ನಡೆದುಕೊಂಡಿದೆ.

ಕೀಪಾಸ್ ಸರಿಯಾಗಿ ಮಾಡಿರುವುದು

ಕೀಪಾಸ್‌ನಲ್ಲಿ ‘ಸಿಂಕ್ರೊನೈಸ್’, ಕೀಪಾಸ್‌ಎಕ್ಸ್‌ಸಿಯಲ್ಲಿ ‘ಮರ್ಜ್ ಫ್ರಮ್ ಡೇಟಾಬೇಸ್’ ಎಂಬ ಆದೇಶಗಳಿವೆ. ಇವು ಎರಡು ಕಡತಗಳನ್ನು ಬಿಚ್ಚಿ, ಒಳಗಿನ ನಮೂದುಗಳನ್ನು ಒಂದೊಂದಾಗಿ ಹೋಲಿಸುತ್ತವೆ. ಕಡತಕ್ಕೆ ಕಡತ ಎಂದು ಆರಿಸದೆ ನಮೂದಿಗೆ ನಮೂದು ಎಂದು ಹೋಲಿಸುವುದು ಮೊದಲ ಒಳ್ಳೆಯ ನಿರ್ಧಾರ. ಮೊಬೈಲಿನಲ್ಲಿ ಸೇರಿಸಿದ ಬ್ಯಾಂಕಿನ ನಮೂದೂ ಕಂಪ್ಯೂಟರಿನಲ್ಲಿ ಸೇರಿಸಿದ ಗ್ರಂಥಾಲಯದ ನಮೂದೂ ಕೂಡಿಸಿದ ಕಡತದಲ್ಲಿ ಇರುತ್ತವೆ.

ಎರಡನೆಯದು ಗುರುತಿನ ಸಂಖ್ಯೆ. ಪ್ರತಿ ನಮೂದಿಗೂ ಹುಟ್ಟುವಾಗಲೇ 128 ಬಿಟ್‌ಗಳ ಒಂದು ಅನನ್ಯ ಸಂಖ್ಯೆ ಸಿಗುತ್ತದೆ. ನೀವು ಶೀರ್ಷಿಕೆ ಬದಲಿಸಿದರೂ, ಬೇರೆ ಗುಂಪಿಗೆ ಸರಿಸಿದರೂ ಆ ಸಂಖ್ಯೆ ಬದಲಾಗದು. ಹೆಸರನ್ನು ನಂಬದೆ ಈ ಸಂಖ್ಯೆಯನ್ನು ನಂಬುವುದರಿಂದ ‘ಎಸ್‌ಬಿಐ’ ಎಂದಿದ್ದದ್ದನ್ನು ‘ಸಂಬಳದ ಖಾತೆ’ ಎಂದು ತಿದ್ದಿದರೂ ಅದು ಅದೇ ನಮೂದು ಎಂದು ತಿಳಿಯುತ್ತದೆ.

ಮೂರನೆಯದು ಅಳಿಸಿದ್ದರ ಪಟ್ಟಿ. ಒಂದು ನಮೂದು ಮೊದಲ ಪ್ರತಿಯಲ್ಲಿದ್ದು ಎರಡನೆಯದರಲ್ಲಿ ಇಲ್ಲ ಎಂದರೆ ಎರಡು ಅರ್ಥಗಳಿರಬಹುದು. ಮೊದಲನೆಯದರಲ್ಲಿ ಹೊಸದಾಗಿ ಸೇರಿಸಿರಬಹುದು, ಅಥವಾ ಎರಡನೆಯದರಲ್ಲಿ ಅಳಿಸಿರಬಹುದು. ಇಲ್ಲದಿರುವುದನ್ನು ಮಾತ್ರ ನೋಡಿ ಯಾವುದು ನಿಜ ಎಂದು ಹೇಳಲಾಗದು. ಅಮೆಜಾನ್ ಕಂಪೆನಿಯ ಎಂಜಿನಿಯರರು 2007ರಲ್ಲಿ ಪ್ರಕಟಿಸಿದ ‘ಡೈನಮೊ’ ಪ್ರಬಂಧದಲ್ಲಿ ಇದೇ ತೊಡಕು ಬರುತ್ತದೆ. ಖರೀದಿ ಬುಟ್ಟಿಯ ಎರಡು ಪ್ರತಿಗಳನ್ನು ಕೂಡಿಸಿದಾಗ ಗ್ರಾಹಕ ತೆಗೆದುಹಾಕಿದ ವಸ್ತು ಮತ್ತೆ ಕಾಣಿಸಿಕೊಳ್ಳಬಹುದು ಎಂದು ಅವರು ಒಪ್ಪಿಕೊಂಡಿದ್ದರು. ‘ಹೊಳೆಗೆ ಸುರಿದರೂ ಅಳೆದು ಸುರಿ’ ಎಂಬ ಗಾದೆ ಇಲ್ಲಿಗೆ ಚೆನ್ನಾಗಿ ಒಪ್ಪುತ್ತದೆ. ಕೀಪಾಸ್ ಎಸೆದದ್ದಕ್ಕೂ ಲೆಕ್ಕ ಇಡುತ್ತದೆ: ಅಳಿಸಿದ ನಮೂದಿನ ಗುರುತಿನ ಸಂಖ್ಯೆ, ಅಳಿಸಿದ ವೇಳೆ ಎರಡನ್ನೂ ಕಡತದಲ್ಲಿ ಬರೆದಿಡುತ್ತದೆ. ಅಳಿಸಿದ ನಂತರ ಇನ್ನೊಂದು ಪ್ರತಿಯಲ್ಲಿ ಅದೇ ನಮೂದನ್ನು ತಿದ್ದಿದ್ದರೆ ಅದನ್ನು ಉಳಿಸಿಕೊಳ್ಳುತ್ತದೆ.

ನಾಲ್ಕನೆಯದು ಚರಿತ್ರೆ. ನಮೂದನ್ನು ತಿದ್ದಿದಾಗಲೆಲ್ಲ ಅದರ ಹಿಂದಿನ ರೂಪ ಅದೇ ನಮೂದಿನೊಳಗೆ ಉಳಿಯುತ್ತದೆ. ಬೇರೆ ಏರ್ಪಾಡು ಮಾಡದಿದ್ದರೆ ಹತ್ತು ಹಿಂದಿನ ರೂಪಗಳವರೆಗೆ ಇಟ್ಟುಕೊಳ್ಳುತ್ತದೆ.

ಎಡವುವುದು ಎಲ್ಲಿ?

ಒಂದೇ ನಮೂದು ಎರಡೂ ಕಡೆ ಬದಲಾಗಿದ್ದರೆ ಕೀಪಾಸ್ ಅನುಸರಿಸುವ ನಿಯಮ ಸರಳ. ಯಾವುದರ ತಿದ್ದುಪಡಿಯ ವೇಳೆ ಇತ್ತೀಚಿನದೋ ಅದು ಚಾಲ್ತಿಯ ರೂಪವಾಗುತ್ತದೆ, ಇನ್ನೊಂದು ಚರಿತ್ರೆಗೆ ಸೇರುತ್ತದೆ. ‘ಕೊನೆಗೆ ಬರೆದವನೇ ಗೆದ್ದವನು’ ಎಂಬ ಈ ನಿಯಮ ಗಣಕ ವಿಜ್ಞಾನದಲ್ಲಿ ಹಳೆಯದು. ನನ್ನ ಆಕ್ಷೇಪ ಈ ನಿಯಮಕ್ಕೆ.

ಒಂದು ಉದಾಹರಣೆ ನೋಡಿ. ಸೋಮವಾರ ಕಂಪ್ಯೂಟರಿನಲ್ಲಿ ಕುಳಿತು ಮಿಂಚಂಚೆಯ ಪಾಸ್‌ವರ್ಡ್ ಬದಲಿಸುತ್ತೀರಿ, ಹೊಸದನ್ನು ಕಡತದಲ್ಲಿ ಉಳಿಸುತ್ತೀರಿ. ಅಂತರಜಾಲ ಇಲ್ಲದ್ದರಿಂದ ಮೊಬೈಲಿಗೆ ಅದು ತಲುಪಿಲ್ಲ. ಮಂಗಳವಾರ ಮೊಬೈಲಿನಲ್ಲಿ ಅದೇ ನಮೂದನ್ನು ತೆರೆದು ಟಿಪ್ಪಣಿಯ ಜಾಗದಲ್ಲಿ ‘ಮರುಪ್ರಾಪ್ತಿಗೆ ಅಣ್ಣನ ದೂರವಾಣಿ ಕೊಟ್ಟಿದೆ’ ಎಂದಷ್ಟೇ ಬರೆಯುತ್ತೀರಿ. ಪಾಸ್‌ವರ್ಡನ್ನು ಮುಟ್ಟುವುದಿಲ್ಲ. ಬುಧವಾರ ಎರಡನ್ನೂ ಕೂಡಿಸುತ್ತೀರಿ. ಗೆಲ್ಲುವುದು ಯಾವುದು? ಮಂಗಳವಾರದ ರೂಪ. ಅದರ ಜೊತೆಗೆ ಶನಿವಾರದ ಹಳೆಯ ಪಾಸ್‌ವರ್ಡೂ ಚಾಲ್ತಿಗೆ ಬರುತ್ತದೆ. ಸೋಮವಾರದ ಹೊಸ ಪಾಸ್‌ವರ್ಡ್ ಚರಿತ್ರೆಯ ಹಾಳೆಯಲ್ಲಿ ಹೂತುಹೋಗುತ್ತದೆ.

ಇಲ್ಲಿ ಏನೂ ಕಳೆದುಹೋಗಿಲ್ಲ ನಿಜ. ಆದರೆ ಕಳೆದುಹೋಗದಿರುವುದು ಬೇರೆ, ಬೇಕಾದಾಗ ಸಿಗುವುದು ಬೇರೆ. ಪಾಸ್‌ವರ್ಡ್ ತಪ್ಪು ಎಂಬ ಉತ್ತರ ಬಂದಾಗ ಎಷ್ಟು ಜನ ಚರಿತ್ರೆಯ ಹಾಳೆ ತೆರೆಯುತ್ತಾರೆ? ಹೆಚ್ಚಿನವರು ಅದೇ ಪಾಸ್‌ವರ್ಡನ್ನು ಮತ್ತೆ ಮತ್ತೆ ಹಾಕಿ ನೋಡುತ್ತಾರೆ. ಹಾಗೆ ಮಾಡಿದರೆ ಕೆಲವು ಖಾತೆಗಳು ತಾತ್ಕಾಲಿಕವಾಗಿ ಮುಚ್ಚಿಕೊಳ್ಳುತ್ತವೆ. ಅರ್ಜಿ ಸಲ್ಲಿಸುವ ಕೊನೆಯ ದಿನ ಹೀಗಾದರೆ ಅದರ ಬೆಲೆ ಏನೆಂದು ವಿದ್ಯಾರ್ಥಿಗಳಿಗೆ ಬೇರೆ ಹೇಳಬೇಕಾಗಿಲ್ಲ.

ನಿಯಮದ ದೋಷ ಎಲ್ಲಿದೆ ಗಮನಿಸಿ. ಕಡತದ ಮಟ್ಟದಲ್ಲಿ ಬೇಡವೆಂದು ಬಿಟ್ಟ ತಪ್ಪನ್ನೇ ಕೀಪಾಸ್ ನಮೂದಿನ ಮಟ್ಟದಲ್ಲಿ ಮಾಡುತ್ತದೆ. ಇಡೀ ನಮೂದನ್ನು ಒಂದು ಗಂಟು ಎಂದು ತಿಳಿದು ಒಂದನ್ನು ಎತ್ತಿಕೊಂಡು ಇನ್ನೊಂದನ್ನು ಬದಿಗಿಡುತ್ತದೆ. ಟಿಪ್ಪಣಿ ತಿದ್ದಿದ ವೇಳೆಯನ್ನು ಪಾಸ್‌ವರ್ಡಿಗೂ ಹಚ್ಚುತ್ತದೆ. ಅದಕ್ಕಿಂತ ಮುಖ್ಯವಾಗಿ, ‘ಇಲ್ಲಿ ಎರಡೂ ಕಡೆ ಬದಲಾವಣೆ ಆಗಿತ್ತು, ನಾನು ಒಂದನ್ನು ಆರಿಸಿದ್ದೇನೆ’ ಎಂದು ಆ ನಮೂದನ್ನು ಬೊಟ್ಟುಮಾಡಿ ನಿಮಗೆ ತೋರಿಸುವುದಿಲ್ಲ. ಏನೂ ಅರಿಯದ ಹೊಂದಾಣಿಕೆ ವ್ಯವಸ್ಥೆ ಸಂಘರ್ಷವಿದೆ ಎಂದು ಕೂಗಿ ಹೇಳುತ್ತದೆ, ಎಲ್ಲವನ್ನೂ ಅರಿತ ಕೀಪಾಸ್ ಮೌನವಾಗಿ ತೀರ್ಪು ಕೊಡುತ್ತದೆ.

ಗಡಿಯಾರವನ್ನು ಎಷ್ಟು ನಂಬಬಹುದು?

ಈ ತೀರ್ಪಿಗೆ ಇರುವ ಏಕೈಕ ಸಾಕ್ಷಿ ಗಡಿಯಾರ. ಕೀಪಾಸ್ ಎಲ್ಲ ವೇಳೆಯನ್ನೂ ಸಾರ್ವತ್ರಿಕ ಕಾಲಮಾನದಲ್ಲಿ ಬರೆಯುತ್ತದೆ. ಇದು ಸರಿಯಾದ ಕ್ರಮ. ಬೆಂಗಳೂರಿನಲ್ಲಿ ತಿದ್ದಿದ್ದೂ ಲಂಡನ್ನಿನಲ್ಲಿ ತಿದ್ದಿದ್ದೂ ಒಂದೇ ಅಳತೆಗೋಲಿಗೆ ಬರುತ್ತವೆ. ಆದರೆ ಆ ಲೆಕ್ಕ ಸರಿಯಾಗಲು ಸಾಧನದ ಗಡಿಯಾರವೂ ಕಾಲವಲಯವೂ ಎರಡೂ ಸರಿಯಾಗಿರಬೇಕು.

ಒಂದು ಕಂಪ್ಯೂಟರಿನಲ್ಲಿ ಕಾಲವಲಯ ಗ್ರೀನಿಚ್ ಎಂದೇ ಉಳಿದಿದೆ, ಯಾರೋ ಗಡಿಯಾರವನ್ನು ಮಾತ್ರ ನಮ್ಮ ವೇಳೆಗೆ ತಿರುಗಿಸಿದ್ದಾರೆ ಎಂದುಕೊಳ್ಳಿ. ಪರದೆಯ ಮೇಲೆ ವೇಳೆ ಸರಿಯಾಗಿಯೇ ಕಾಣುತ್ತದೆ. ಬೆಳಿಗ್ಗೆ 10 ಗಂಟೆಗೆ ಅದರಲ್ಲಿ ಒಂದು ನಮೂದು ತಿದ್ದಿದರೆ ಅದು ಸಾರ್ವತ್ರಿಕ ಕಾಲಮಾನದಲ್ಲೂ 10 ಗಂಟೆ ಎಂದೇ ದಾಖಲಾಗುತ್ತದೆ. ನಿಜವಾಗಿ ಆಗ 4 ಗಂಟೆ 30 ನಿಮಿಷ. ಮಧ್ಯಾಹ್ನ 2 ಗಂಟೆಗೆ ಸರಿಯಾದ ಗಡಿಯಾರವಿರುವ ಮೊಬೈಲಿನಲ್ಲಿ ಅದೇ ನಮೂದನ್ನು ತಿದ್ದಿದರೆ ದಾಖಲಾಗುವುದು 8 ಗಂಟೆ 30 ನಿಮಿಷ. ಕೂಡಿಸಿದಾಗ ಬೆಳಗಿನ ತಿದ್ದುಪಡಿ ಮಧ್ಯಾಹ್ನದ ತಿದ್ದುಪಡಿಯನ್ನು ಸೋಲಿಸುತ್ತದೆ! ಗಡಿಯಾರ ವರ್ಷಗಟ್ಟಲೆ ಹಿಂದೆ ಹೋದರೆ ಜಾಲತಾಣಗಳ ಭದ್ರತಾ ಪ್ರಮಾಣಪತ್ರಗಳು ಹೊಂದದೆ ನಮಗೆ ಬೇಗ ಗೊತ್ತಾಗುತ್ತದೆ. ಐದೂವರೆ ಗಂಟೆಯ ತಪ್ಪು ಹಾಗೆ ಗೊತ್ತಾಗುವುದಿಲ್ಲ.

ಅಳಿಸುವಿಕೆಯಲ್ಲಿ ಈ ಅಪಾಯ ಇನ್ನೂ ಹೆಚ್ಚು. ಮುಂದೆ ಓಡುವ ಗಡಿಯಾರದ ಸಾಧನದಲ್ಲಿ ಒಂದು ನಮೂದನ್ನು ಅಳಿಸಿದರೆ, ಅದಾದ ಮೇಲೆ ಇನ್ನೊಂದು ಕಡೆ ಮಾಡಿದ ತಿದ್ದುಪಡಿಯೂ ಹಳೆಯದೆಂದು ಎಣಿಕೆಯಾಗಿ ನಮೂದು ಹೋಗಿಬಿಡಬಹುದು. ಚರಿತ್ರೆ ನಮೂದಿನ ಒಳಗೇ ಇರುವುದರಿಂದ ಅದೂ ಜೊತೆಗೇ ಹೋಗುತ್ತದೆ. ಕೀಪಾಸ್‌ನಲ್ಲಿ ಅಳಿಸಿದ್ದು ಮೊದಲು ಕಸದ ಬುಟ್ಟಿಗೆ ಹೋಗುವ ಏರ್ಪಾಡಿದೆ. ಬುಟ್ಟಿಯನ್ನು ಬರಿದು ಮಾಡುವ ತನಕ ಅದು ರಕ್ಷಣೆ.

ಗಡಿಯಾರವನ್ನು ನಂಬದೆಯೇ ಘಟನೆಗಳ ಕ್ರಮ ಹೇಳಬಹುದೇ? ಲೆಸ್ಲಿ ಲ್ಯಾಂಪೋರ್ಟ್ 1978ರಲ್ಲಿ ಬರೆದ ಪ್ರಸಿದ್ಧ ಪ್ರಬಂಧದ ವಿಷಯವೇ ಇದು. ಎರಡು ಯಂತ್ರಗಳ ನಡುವೆ ಮಾಹಿತಿ ಹರಿದಿದ್ದರೆ ಮಾತ್ರ ‘ಇದು ಮೊದಲು, ಅದು ನಂತರ’ ಎಂದು ಖಚಿತವಾಗಿ ಹೇಳಬಹುದು. ಹರಿಯದಿದ್ದರೆ ಅವು ಸಮಾಂತರ ಘಟನೆಗಳು, ಅವುಗಳಲ್ಲಿ ಮೊದಲು ನಂತರ ಎಂಬುದಿಲ್ಲ. ಇದನ್ನು ಪತ್ತೆಹಚ್ಚಲು ಪ್ರತಿ ಸಾಧನಕ್ಕೂ ಒಂದು ಎಣಿಕೆ ಇಟ್ಟರೆ ಸಾಕು. ಕಂಪ್ಯೂಟರಿನ ಎಣಿಕೆ 5, ಮೊಬೈಲಿನದು 3 ಇದ್ದಾಗ ಎರಡೂ ಕಡೆ ಕಡತ ಒಂದೇ ಎಂದಿರಲಿ. ಕಂಪ್ಯೂಟರಿನಲ್ಲಿ ತಿದ್ದಿದರೆ ಜೋಡಿ (6, 3) ಆಗುತ್ತದೆ, ಮೊಬೈಲಿನಲ್ಲಿ ತಿದ್ದಿದರೆ (5, 4). ಮೊದಲ ಸಂಖ್ಯೆಯಲ್ಲಿ ಒಂದು ದೊಡ್ಡದು, ಎರಡನೆಯದರಲ್ಲಿ ಇನ್ನೊಂದು. ಯಾವುದೂ ಇನ್ನೊಂದರ ಮುಂದುವರಿಕೆ ಅಲ್ಲ. ಅಂದರೆ ಸಂಘರ್ಷ. ಸಿಂಕ್‌ಥಿಂಗ್ ಸಂಘರ್ಷವನ್ನು ಪತ್ತೆಹಚ್ಚುವುದು ಇದೇ ತತ್ವದಿಂದ. ಪಕ್ಕಕ್ಕಿಡುವ ಪ್ರತಿಯನ್ನು ಆರಿಸುವಾಗ ಮಾತ್ರ ಅದು ಗಡಿಯಾರದ ಮೊರೆ ಹೋಗುತ್ತದೆ.

ಮದ್ದು ಕಡತದಲ್ಲೇ ಇದೆ

ಕೀಪಾಸ್‌ಗೆ ಹೊಸ ಎಣಿಕೆಗಳೂ ಬೇಕಿಲ್ಲ. ಬೇಕಾದ ಸಾಮಗ್ರಿ ಚರಿತ್ರೆಯಲ್ಲೇ ಇದೆ. ಮೇಲಿನ ಉದಾಹರಣೆಗೆ ಮರಳಿ. ಸೋಮವಾರದ ರೂಪದ ಚರಿತ್ರೆಯಲ್ಲಿ ಶನಿವಾರದ ರೂಪವಿದೆ. ಮಂಗಳವಾರದ ರೂಪದ ಚರಿತ್ರೆಯಲ್ಲೂ ಅದೇ ಶನಿವಾರದ ರೂಪವಿದೆ. ಅದು ಇವೆರಡರ ಸಮಾನ ಪೂರ್ವಜ. ಈಗ ಪೂರ್ವಜನೊಡನೆ ಎರಡನ್ನೂ ಹೋಲಿಸಿ. ಪಾಸ್‌ವರ್ಡ್ ಬದಲಾಗಿರುವುದು ಕಂಪ್ಯೂಟರಿನಲ್ಲಿ ಮಾತ್ರ, ಟಿಪ್ಪಣಿ ಬದಲಾಗಿರುವುದು ಮೊಬೈಲಿನಲ್ಲಿ ಮಾತ್ರ. ಹಾಗಾದರೆ ಹೊಸ ಪಾಸ್‌ವರ್ಡನ್ನೂ ಹೊಸ ಟಿಪ್ಪಣಿಯನ್ನೂ ತೆಗೆದುಕೊಳ್ಳಿ. ಯಾವ ಗಡಿಯಾರವನ್ನೂ ಕೇಳಬೇಕಾಗಿಲ್ಲ. ‘ಮೂರು ದಾರಿಯ ವಿಲೀನ’ ಎಂಬ ಈ ವಿಧಾನ ತಂತ್ರಾಂಶ ಬರೆಯುವವರಿಗೆ ಹೊಸದಲ್ಲ. 2005ರಲ್ಲಿ ಬಂದ ಗಿಟ್ ವ್ಯವಸ್ಥೆ ಪ್ರತಿದಿನ ಮಾಡುವುದು ಇದನ್ನೇ. ಅಕ್ಕಿ, ಬೇಳೆ, ಒಲೆ ಎಲ್ಲ ಇದ್ದೂ ಅಡುಗೆ ಆಗಿಲ್ಲ ಎಂಬುದು ನನ್ನ ಆಕ್ಷೇಪದ ಸಾರ.

ಇದಕ್ಕೆ ಪ್ರತಿವಾದಗಳಿಲ್ಲವೇ? ಇವೆ. ಎಲ್ಲ ಭಾಗಗಳನ್ನೂ ಬಿಡಿಬಿಡಿಯಾಗಿ ಕೂಡಿಸಿದರೆ ಎಲ್ಲೂ ಇಲ್ಲದ ಜೋಡಿ ಹುಟ್ಟಬಹುದು. ಒಂದು ಕಡೆ ಬಳಕೆದಾರ ಹೆಸರು, ಇನ್ನೊಂದು ಕಡೆ ಪಾಸ್‌ವರ್ಡ್ ಬದಲಾಗಿದ್ದರೆ, ಕೂಡಿಸಿದ ಜೋಡಿ ಯಾವ ಖಾತೆಗೂ ಹೊಂದದಿರಬಹುದು. ಈ ಮಾತು ಸರಿ. ಆದ್ದರಿಂದ ಜಾಲತಾಣದ ವಿಳಾಸ, ಬಳಕೆದಾರ ಹೆಸರು, ಪಾಸ್‌ವರ್ಡ್ ಇವನ್ನು ಒಂದು ಗಂಟಾಗಿಯೂ ಟಿಪ್ಪಣಿ, ಗುರುತುಪಟ್ಟಿ ಮೊದಲಾದವನ್ನು ಬೇರೆಯಾಗಿಯೂ ಪರಿಗಣಿಸಬೇಕು. ಗಂಟಿನೊಳಗೇ ಎರಡೂ ಕಡೆ ಬದಲಾವಣೆ ಆಗಿದ್ದರೆ ತಂತ್ರಾಂಶ ತೀರ್ಪು ಕೊಡಬಾರದು, ನಿಮ್ಮನ್ನು ಕೇಳಬೇಕು. ಚರಿತ್ರೆಯ ಮಿತಿ ಮೀರಿ ಪೂರ್ವಜ ಅಳಿಸಿಹೋಗಿದ್ದರೂ ಹಾಗೆಯೇ.

ಪದೇ ಪದೇ ಕೇಳಿದರೆ ಜನ ಓದದೆಯೇ ‘ಸರಿ’ ಒತ್ತುತ್ತಾರೆ ಎಂಬುದು ಇನ್ನೊಂದು ಪ್ರತಿವಾದ. ಆದರೆ ಯೋಚಿಸಿ ನೋಡಿ. ಜಾಲತಾಣದಲ್ಲಿ ಪಾಸ್‌ವರ್ಡ್ ಬದಲಿಸಲು ಸಾಮಾನ್ಯವಾಗಿ ಚಾಲ್ತಿಯಲ್ಲಿರುವ ಪಾಸ್‌ವರ್ಡ್ ಗೊತ್ತಿರಬೇಕು. ಹಳೆಯ ಪ್ರತಿ ಮಾತ್ರ ಇರುವ ಮೊಬೈಲಿನಿಂದ ಎರಡನೆಯ ಸಲ ಬದಲಿಸಲು ಹೊರಟರೆ ಜಾಲತಾಣವೇ ತಡೆಯುತ್ತದೆ. ‘ಪಾಸ್‌ವರ್ಡ್ ಮರೆತಿದ್ದೇನೆ’ ಎಂಬ ದಾರಿ ಹಿಡಿದರೆ ಮಾತ್ರ ಅದು ಸಾಧ್ಯ. ಹಾಗಾಗಿ ಎರಡೂ ಕಡೆ ಪಾಸ್‌ವರ್ಡೇ ಬದಲಾಗುವ ಸಂದರ್ಭ ಅಪರೂಪ. ಅಪರೂಪಕ್ಕೆ ಒಮ್ಮೆ ಕೇಳುವ ಪ್ರಶ್ನೆಯನ್ನು ಜನ ಓದುತ್ತಾರೆ.

ಇನ್ನೊಂದು ಸಂಗತಿ ಈ ವಾದದ ಬುಡದಲ್ಲೇ ಇದೆ. ಪಾಸ್‌ವರ್ಡ್ ಕಡತ ಕತೆ, ಕವಿತೆಯ ಹಸ್ತಪ್ರತಿಯಂತಲ್ಲ. ಹಸ್ತಪ್ರತಿಯಲ್ಲಿ ಲೇಖಕ ಕೊನೆಗೆ ಒಪ್ಪಿದ್ದೇ ಸರಿಯಾದ ಪಾಠ. ಪಾಸ್‌ವರ್ಡಿನಲ್ಲಿ ಹಾಗಲ್ಲ. ಯಾವುದು ಸರಿ ಎಂಬುದು ನಿಮ್ಮ ಎರಡು ಪ್ರತಿಗಳಲ್ಲಿ ಯಾವುದರಲ್ಲೂ ತೀರ್ಮಾನವಾಗುವುದಿಲ್ಲ, ಅದು ದೂರದ ಸರ್ವರಿನಲ್ಲಿದೆ. ಕಡತ ಆ ಒಪ್ಪಂದದ ನಕಲು ಮಾತ್ರ. ಆದ್ದರಿಂದ ‘ಇತ್ತೀಚಿನದು’ ಎಂಬುದು ‘ಸರಿಯಾದದ್ದು’ ಎಂಬುದಕ್ಕೆ ಸುಳಿವೇ ಹೊರತು ಪುರಾವೆ ಅಲ್ಲ. ಪಾಸ್‌ಕೀ ಬಂದ ಮೇಲೆ ಈ ವ್ಯತ್ಯಾಸ ಮತ್ತಷ್ಟು ಮುಖ್ಯವಾಗಿದೆ. ಕೀಪಾಸ್‌ಎಕ್ಸ್‌ಸಿ 2024ರಿಂದ ಪಾಸ್‌ಕೀಗಳನ್ನೂ ಇದೇ ಕಡತದಲ್ಲಿ ಇಡುತ್ತಿದೆ. ಪಾಸ್‌ವರ್ಡನ್ನಾದರೂ ಕಾಗದದ ಮೇಲೆ ಬರೆದಿಟ್ಟುಕೊಂಡಿರಬಹುದು. ಪಾಸ್‌ಕೀಯ ಗುಟ್ಟನ್ನು ಯಾರೂ ನೆನಪಿಟ್ಟುಕೊಂಡಿರುವುದಿಲ್ಲ.

ನೀವೇ ಮಾಡಿ ನೋಡಿ

ಇದನ್ನು ನಂಬಬೇಕಾಗಿಲ್ಲ, ತರಗತಿಯಲ್ಲಿ ಪರೀಕ್ಷಿಸಬಹುದು. ನಿಜವಾದ ಪಾಸ್‌ವರ್ಡ್‌ಗಳನ್ನು ಬಳಸದೆ ಒಂದು ಹೊಸ ಕಡತ ತಯಾರಿಸಿ. ಅದರಲ್ಲಿ ‘ಗ್ರಂಥಾಲಯ’ ಎಂಬ ಒಂದೇ ನಮೂದು, ಪಾಸ್‌ವರ್ಡ್ ‘ಹಳೆಯದು’ ಎಂದಿರಲಿ. ಕಡತವನ್ನು ಮುಚ್ಚಿ ಅದರ ಒಂದು ನಕಲು ಮಾಡಿ. ಮೊದಲ ಪ್ರತಿಯಲ್ಲಿ ಪಾಸ್‌ವರ್ಡನ್ನು ‘ಹೊಸದು’ ಎಂದು ತಿದ್ದಿ ಉಳಿಸಿ. ಎರಡು ನಿಮಿಷ ಬಿಟ್ಟು ಎರಡನೆಯ ಪ್ರತಿಯಲ್ಲಿ ಟಿಪ್ಪಣಿ ಮಾತ್ರ ಬರೆದು ಉಳಿಸಿ. ಕೂಡಿಸುವ ಮುನ್ನ ಏನಾಗಬಹುದೆಂದು ವಿದ್ಯಾರ್ಥಿಗಳಿಂದ ಬರೆಯಿಸಿ. ನಂತರ ಮೊದಲ ಪ್ರತಿಯನ್ನು ತೆರೆದು ಎರಡನೆಯದನ್ನು ಅದರೊಡನೆ ಕೂಡಿಸಿ, ಯಾವ ಪಾಸ್‌ವರ್ಡ್ ಚಾಲ್ತಿಯಲ್ಲಿದೆ, ಯಾವುದು ಚರಿತ್ರೆಯಲ್ಲಿದೆ ನೋಡಿ. ಸಮಯ, ಕ್ರಮ, ಸಮಾಂತರ ಘಟನೆ ಇವುಗಳ ಅರ್ಥ ಒಂದೇ ಅವಧಿಯಲ್ಲಿ ಮನದಟ್ಟಾಗುತ್ತದೆ.

ನಿಮ್ಮ ಸ್ವಂತ ಕಡತದಲ್ಲಿ ಸಂಘರ್ಷದ ಪ್ರತಿ ಕಂಡರೆ ಅದನ್ನು ಕೂಡಲೇ ಅಳಿಸಬೇಡಿ. ಎರಡೂ ಪ್ರತಿಗಳನ್ನು ಬೇರೆಡೆ ನಕಲು ಮಾಡಿಟ್ಟುಕೊಳ್ಳಿ. ಸಾಧನಗಳ ವೇಳೆ, ಕಾಲವಲಯ ಎರಡನ್ನೂ ಸರಿಪಡಿಸಿ. ನಂತರ ಕೂಡಿಸಿ. ಇತ್ತೀಚೆಗೆ ತಿದ್ದಿದ ನಮೂದುಗಳನ್ನು ತೆರೆದು ಚರಿತ್ರೆಯನ್ನು ಓದಿ. ಅನುಮಾನವಿದ್ದ ಪಾಸ್‌ವರ್ಡನ್ನು ಆಯಾ ಜಾಲತಾಣದಲ್ಲಿ ಒಮ್ಮೆ ಬಳಸಿ ನೋಡಿ. ಒಂದು ಕಡತದಿಂದ ಪಟ್ಟಿ ಹೊರತೆಗೆದು ಇನ್ನೊಂದಕ್ಕೆ ಆಮದು ಮಾಡುವ ಅಡ್ಡದಾರಿ ಹಿಡಿಯಬೇಡಿ. ಹಾಗೆ ಬಂದ ನಮೂದುಗಳಿಗೆ ಹೊಸ ಗುರುತಿನ ಸಂಖ್ಯೆ ಬರುವುದರಿಂದ ಪ್ರತಿಯೊಂದೂ ಇಮ್ಮಡಿಯಾಗುತ್ತದೆ.

ಕೀಪಾಸ್ ಬಳಸಬೇಡಿ ಎಂದು ಈ ಲೇಖನ ಹೇಳುತ್ತಿಲ್ಲ. ಅದರ ಒಳಗನ್ನು ಹೀಗೆ ಬಿಚ್ಚಿ ನೋಡಿ ತಪ್ಪು ಹುಡುಕಲು ಸಾಧ್ಯವಾದದ್ದೇ ಅದರ ಕಡತ ವಿನ್ಯಾಸವೂ ಆಕರ ಸಂಕೇತವೂ ಬಹಿರಂಗವಾಗಿರುವುದರಿಂದ. ಬಹಿರಂಗವಾದದ್ದನ್ನು ತಿದ್ದುವ ಅವಕಾಶವೂ ಎಲ್ಲರಿಗೂ ಇದೆ. ತಂತ್ರಾಂಶ ಬರೆಯಲು ಕಲಿಯುತ್ತಿರುವ ವಿದ್ಯಾರ್ಥಿಗಳೇ, ಒಳ್ಳೆಯದೊಂದು ಯೋಜನಾಕಾರ್ಯಕ್ಕೆ ವಿಷಯ ಹುಡುಕುತ್ತಿದ್ದರೆ ಇದಕ್ಕಿಂತ ಬೇರೆ ಬೇಕೇ?